ಬಿಡ್ಡು, ಗ್ರೇಡು, ಪಾಸು: ಒಂದೇ ಪದ, ಹಲವು ಕೆಲಸ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೆಳೆಯುವ ರೈತರ ಕಾಗದಪತ್ರಗಳಲ್ಲಿ ಎಫ್‌ಸಿವಿ ಎಂಬ ಮೂರಕ್ಷರ ಕಾಣಸಿಗುತ್ತದೆ. ಬಿಡಿಸಿ ಹೇಳಿದರೆ ‘ಫ್ಲೂ ಕ್ಯೂರ್ಡ್ ವರ್ಜೀನಿಯಾ’. ಫ್ಲೂ ಎಂದರೆ ಸೊಪ್ಪು ಹದ ಮಾಡುವ ಮನೆಯಾದ ಬ್ಯಾರನ್ನಿನೊಳಗೆ ಒಲೆಯ ಬಿಸಿಯನ್ನು ಸಾಗಿಸುವ ಕೊಳವೆ. ಕ್ಯೂರ್ ಎಂದರೆ ಸೊಪ್ಪನ್ನು ಹದವಾಗಿ ಬೇಯಿಸಿ ಒಣಗಿಸುವುದು. ವರ್ಜೀನಿಯಾ ಅಮೆರಿಕದ ಒಂದು ರಾಜ್ಯ. ಶಾಲೆಯಲ್ಲಿ ಕಲಿತ ವ್ಯಾಕರಣದ ಪ್ರಕಾರ ಮೊದಲನೆಯದು ವಸ್ತುವಿನ ಹೆಸರು, ಎರಡನೆಯದು ಕ್ರಿಯೆ, ಮೂರನೆಯದು ನಾಡಿನ ಹೆಸರು. ಆದರೆ ಈ ಮೂರೂ ಪದ ಒಟ್ಟಿಗೆ ನಿಂತಾಗ ಯಾವುದೂ ತನ್ನ ಹುಟ್ಟಿನ ಕೆಲಸ ಮಾಡುತ್ತಿಲ್ಲ. ಫ್ಲೂ ಬೇಯಿಸಿದ ರೀತಿಯನ್ನು ಹೇಳುತ್ತದೆ, ಕ್ಯೂರ್ಡ್ ಸೊಪ್ಪಿನ ಗುಣವನ್ನು ಹೇಳುತ್ತದೆ, ವರ್ಜೀನಿಯಾ ಒಂದು ಬಗೆಯ ತಂಬಾಕಿನ ಹೆಸರಾಗಿಬಿಟ್ಟಿದೆ.

ತಂಬಾಕು ಮಂಡಳಿ ಕಾಯ್ದೆ ಬಂದದ್ದು 1975ರಲ್ಲಿ. ಮರುವರ್ಷ ಗುಂಟೂರಿನಲ್ಲಿ ಮಂಡಳಿ ಕೆಲಸ ಶುರುಮಾಡಿತು. ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ಅಲ್ಲಿಂದೀಚೆಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಕಗ್ಗುಂಡಿಯ ಹರಾಜು ಮಾರುಕಟ್ಟೆಗಳ ಮೂಲಕ ಇಂಗ್ಲಿಷಿನ ದೊಡ್ಡದೊಂದು ಪದಗಳ ಕಂತೆ ರೈತರ ಬಾಯಿಗೆ ಬಂದು ಕೂತಿದೆ. ಶಾಲೆಯ ಮೆಟ್ಟಿಲು ಹತ್ತದವರೂ ‘ಈ ಸಲ ಬ್ರೈಟು ಕಮ್ಮಿ, ಲೋ ಗ್ರೇಡೇ ಜಾಸ್ತಿ’, ‘ಬೇಲು ಕಟ್ಟಾಯ್ತು’, ‘ಯಾರೂ ಬಿಡ್ ಮಾಡ್ನಿಲ್ಲ, ನೋ ಬಿಡ್ ಆಗೋಯ್ತು’ ಎಂದು ಸಲೀಸಾಗಿ ಹೇಳುತ್ತಾರೆ. ಅದೇ ಮನೆಯ ಮಕ್ಕಳು ಇಂಗ್ಲಿಷ್ ಪರೀಕ್ಷೆಯಲ್ಲಿ ಗೆರೆ ಎಳೆದ ಪದ ನೌನೋ ವರ್ಬೋ ಎಂದು ಬರೆಯಲು ತಡಕಾಡುತ್ತಾರೆ. ಮಕ್ಕಳನ್ನು ದಡ್ಡರೆಂದು ಬಯ್ಯುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಒಂದೊಂದು ಪದಕ್ಕೂ ಒಂದೊಂದೇ ಚೀಟಿ ಅಂಟಿಸಿ ನಾವು ಕಲಿಸುತ್ತೇವೆ. ಇಂಗ್ಲಿಷಿನಲ್ಲಿ ಪದದ ವರ್ಗವನ್ನು ಬಹಳ ಸಲ ಪದವೇ ಹೇಳುವುದಿಲ್ಲ. ವಾಕ್ಯದಲ್ಲಿ ಅದು ಕೂತ ಜಾಗ ಹೇಳುತ್ತದೆ. ಇದನ್ನು ಮೊದಲೇ ತಿಳಿಸಿಕೊಟ್ಟರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಹರಾಜಿನ ಪದಗಳನ್ನೇ ಇಟ್ಟುಕೊಂಡು ನೋಡೋಣ. ‘ದಿ ಬಿಡ್ ವಾಸ್ ಲೋ’ ಎಂದರೆ ಕೂಗಿದ ಬೆಲೆ ಕಡಿಮೆಯಾಗಿತ್ತು. ಇಲ್ಲಿ ಬಿಡ್ ನಾಮಪದ. ‘ದೆ ವಿಲ್ ಬಿಡ್ ಟುಡೇ’ ಎಂದರೆ ಅವರು ಇವತ್ತು ಬೆಲೆ ಕೂಗುತ್ತಾರೆ. ಇಲ್ಲಿ ಅದೇ ಬಿಡ್ ಕ್ರಿಯಾಪದ. ಪದದ ಒಂದಕ್ಷರವೂ ಬದಲಾಗಿಲ್ಲ. ಗ್ರೇಡ್ ಕೂಡ ಹೀಗೆಯೇ: ‘ಎ ಗುಡ್ ಗ್ರೇಡ್’ ಎಂದಾಗ ದರ್ಜೆ, ‘ವಿ ಗ್ರೇಡ್ ದಿ ಲೀವ್ಸ್’ ಎಂದಾಗ ದರ್ಜೆವಾರು ವಿಂಗಡಿಸು. ಬೇಲ್ ಎಂದರೆ ಕಟ್ಟು, ಬೇಲ್ ಎಂದರೆ ಕಟ್ಟು ಕಟ್ಟುವುದೂ ಹೌದು. ರೇಟ್ ಎಂದರೆ ದರ, ದರ ನಿಗದಿ ಮಾಡುವುದೂ ಹೌದು. ಕ್ಯೂರ್ ಬ್ಯಾರನ್ನಿನಲ್ಲಿ ಸೊಪ್ಪು ಹದ ಮಾಡುವ ಕೆಲಸ. ಆಸ್ಪತ್ರೆಯಲ್ಲಿ ರೋಗ ವಾಸಿ ಮಾಡುವ ಕೆಲಸ. ‘ಇದಕ್ಕೆ ಕ್ಯೂರ್ ಇಲ್ಲ’ ಎಂದು ಡಾಕ್ಟರು ಹೇಳಿದಾಗ ಔಷಧ ಅಥವಾ ಪರಿಹಾರ ಎಂಬ ನಾಮಪದ. ಲೋ ಎಂಬುದು ‘ಲೋ ಗ್ರೇಡ್’ನಲ್ಲಿ ವಿಶೇಷಣ, ಹಕ್ಕಿ ಕೆಳಮಟ್ಟದಲ್ಲಿ ಹಾರಿತು ಎನ್ನಲು ‘ಫ್ಲೈ ಲೋ’ ಎಂದರೆ ಕ್ರಿಯಾವಿಶೇಷಣ, ಬೆಲೆ ಪಾತಾಳ ಕಂಡಾಗ ಇಂಗ್ಲಿಷ್ ಪತ್ರಿಕೆಗಳು ಬರೆಯುವ ‘ಎ ನ್ಯೂ ಲೋ’ದಲ್ಲಿ ನಾಮಪದ.

ಒಬ್ಬನೇ ಮನುಷ್ಯ ಮನೆಯಲ್ಲಿ ಅಣ್ಣ, ಶಾಲೆಯಲ್ಲಿ ಮೇಷ್ಟ್ರು, ಚುನಾವಣೆ ದಿನ ಮತಗಟ್ಟೆ ಅಧಿಕಾರಿ. ಅವನ ಹಣೆಯ ಮೇಲೆ ಏನೂ ಬರೆದಿರುವುದಿಲ್ಲ. ಎಲ್ಲಿ ಯಾರೊಡನೆ ಇದ್ದಾನೆ ಎಂಬುದರಿಂದ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಪದಗಳನ್ನು ಓದಬೇಕಾದ ಬಗೆ ಇದು.

ಹಾಗಾದರೆ ಚೀಟಿ ಅಂಟಿಸುವ ಈ ಅಭ್ಯಾಸ ಎಲ್ಲಿಂದ ಬಂತು? ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಎಂಟು ಪದವರ್ಗಗಳ ಲೆಕ್ಕ ಇಂಗ್ಲಿಷಿನ ಸ್ವಂತದ್ದಲ್ಲ. ಕ್ರಿಸ್ತಪೂರ್ವ ಎರಡನೇ ಶತಮಾನದ ಹೊತ್ತಿಗೆ ಗ್ರೀಕ್ ವೈಯಾಕರಣ ಡಯೋನೀಸಿಯಸ್ ಥ್ರಾಕ್ಸ್ ತನ್ನ ಭಾಷೆಯ ಪದಗಳನ್ನು ಎಂಟು ಗುಂಪು ಮಾಡಿದ. ಲ್ಯಾಟಿನ್ ಪಂಡಿತರು ಅದನ್ನು ಒಂದಿಷ್ಟು ತಿದ್ದಿಕೊಂಡರು. ಲ್ಯಾಟಿನ್ ವ್ಯಾಕರಣವನ್ನು ಮುಂದಿಟ್ಟುಕೊಂಡು ಇಂಗ್ಲಿಷ್ ವ್ಯಾಕರಣ ಬರೆದವರು ಅದೇ ಎಂಟರ ಲೆಕ್ಕವನ್ನು ತಂದರು. ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪದದ ಬಾಲ ನೋಡಿದರೆ ಸಾಕು, ಅದು ನಾಮವೋ ಕ್ರಿಯೆಯೋ ಗೊತ್ತಾಗುತ್ತದೆ. ಅಲ್ಲಿ ಚೀಟಿ ಅಂಟುತ್ತದೆ. ನಮ್ಮಲ್ಲೂ ಯಾಸ್ಕನ ನಿರುಕ್ತ ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಾಗಿ ವಿಂಗಡಿಸಿತು. ಸಂಸ್ಕೃತಕ್ಕೂ ಬಾಲಗಳು ಗಟ್ಟಿ, ಆದ್ದರಿಂದ ಅಲ್ಲೂ ವಿಂಗಡಣೆ ನಿಲ್ಲುತ್ತದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಬಾಲಗಳಿದ್ದವು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಪ್ರೀತಿ ಎಂಬ ನಾಮಪದ ‘ಲುವು’, ಪ್ರೀತಿಸು ಎಂಬ ಕ್ರಿಯಾಪದ ‘ಲುವಿಯನ್’. ಉತ್ತರ ಎಂಬುದಕ್ಕೆ ‘ಆಂಡ್‌ಸ್ವರು’, ಉತ್ತರಿಸು ಎನ್ನಲು ‘ಆಂಡ್‌ಸ್ವರಿಯನ್’. ಈ ಕೊನೆಯಕ್ಷರಗಳು ನಾಲಿಗೆಯ ಮೇಲೆ ಸವೆಯತೊಡಗಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು, ಇಂಗ್ಲಿಷ್ ಹಳ್ಳಿಗರ ಬಾಯಲ್ಲಿ ಉಳಿಯಿತು, ಸವೆತ ಇನ್ನೂ ಮುಂದುವರಿಯಿತು. ಹದಿನೈದನೇ ಶತಮಾನ ಮುಗಿಯುವ ವೇಳೆಗೆ ಲುವು, ಲುವಿಯನ್ ಎರಡೂ ಸವೆದು ‘ಲವ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಎರಡು ಪದಕ್ಕೆ ಒಂದೇ ಮೈ ಆಯಿತು. ಗುರುತು ಹಿಡಿಯುವ ಬಾಲ ಹೋದ ಮೇಲೆ ಆ ಕೆಲಸವನ್ನು ಪದಗಳ ಅನುಕ್ರಮ ವಹಿಸಿಕೊಂಡಿತು. ಇಂಗ್ಲಿಷಿನಲ್ಲಿ ಕರ್ತೃ ಮೊದಲು, ಕ್ರಿಯೆ ಆಮೇಲೆ, ಕರ್ಮ ಕೊನೆಗೆ ಎಂಬ ಕಟ್ಟುನಿಟ್ಟು ಬಂದದ್ದು ಈ ಕಾರಣಕ್ಕೆ. ಕನ್ನಡದಲ್ಲಿ ‘ಹುಲಿ ಜಿಂಕೆಯನ್ನು ಹಿಡಿಯಿತು’ ಎಂದರೂ ‘ಜಿಂಕೆಯನ್ನು ಹುಲಿ ಹಿಡಿಯಿತು’ ಎಂದರೂ ಸತ್ತದ್ದು ಜಿಂಕೆಯೇ. ಇಂಗ್ಲಿಷಿನಲ್ಲಿ ಪದದ ಜಾಗ ಅದಲುಬದಲಾದರೆ ಹುಲಿ ಸಾಯುತ್ತದೆ.

ಬಾಲ ಹೋದ ಮೇಲೆ ಇಂಗ್ಲಿಷರಿಗೆ ಒಂದು ಹೊಸ ಅನುಕೂಲ ಸಿಕ್ಕಿತು. ಯಾವ ಹೆಸರನ್ನು ಬೇಕಾದರೂ ಕ್ರಿಯೆಯ ಜಾಗಕ್ಕೆ ತಂದು ಕೂರಿಸಬಹುದು. ಶೇಕ್ಸ್‌ಪಿಯರ್ ತನ್ನ ನಾಟಕಗಳಲ್ಲಿ ಇದನ್ನು ಧಾರಾಳವಾಗಿ ಮಾಡಿದ. ನಮ್ಮ ಕಾಲದಲ್ಲಿ ಒಂದು ಕಂಪನಿಯ ಹೆಸರಾದ ಗೂಗಲ್ ಹುಡುಕು ಎಂಬ ಕ್ರಿಯಾಪದವಾಗಿ 2006ರಲ್ಲಿ ಆಕ್ಸ್‌ಫರ್ಡ್ ನಿಘಂಟನ್ನೇ ಸೇರಿತು. ಪದವನ್ನು ಹೀಗೆ ರೂಪ ಬದಲಿಸದೆ ವರ್ಗ ಬದಲಿಸುವುದಕ್ಕೆ ಭಾಷಾವಿಜ್ಞಾನಿಗಳು ಕನ್ವರ್ಷನ್ ಎನ್ನುತ್ತಾರೆ. ನಾವು ವರ್ಗಾಂತರ ಎನ್ನಬಹುದು.

ಇದೆಲ್ಲ ದೂರದ ಚರಿತ್ರೆ ಎನಿಸಿದರೆ ಹುಣಸೂರು ಬಸ್ ಸ್ಟ್ಯಾಂಡಿಗೆ ಬನ್ನಿ. ಸ್ಟ್ಯಾಂಡ್ ಎಂಬುದನ್ನೇ ಹಿಡಿಯಿರಿ. ಬಸ್ಸು ನಿಲ್ಲುವ ಜಾಗ ಎಂಬ ನಾಮಪದವಾಗಿ ಅದು ಮಗುವಿಗೆ ಅಕ್ಷರ ಕಲಿಯುವ ಮುಂಚೆಯೇ ಗೊತ್ತು. ತರಗತಿಯಲ್ಲಿ ಮೇಷ್ಟ್ರು ‘ಸ್ಟ್ಯಾಂಡ್ ಅಪ್’ ಎಂದಾಗ ಅದೇ ಪದ ಎದ್ದು ನಿಲ್ಲು ಎಂಬ ಕ್ರಿಯಾಪದ ಎಂಬುದೂ ಗೊತ್ತು. ಎರಡೂ ಗೊತ್ತಿರುವ ಮಗುವಿಗೆ ಇವೆರಡೂ ಒಂದೇ ಪದ ಎಂದು ಮಾತ್ರ ಯಾರೂ ಹೇಳಿರುವುದಿಲ್ಲ. ಸ್ಟಾಪ್ ಕೂಡ ಹಾಗೆ: ಊರ ಬಾಗಿಲಲ್ಲಿ ಇರುವುದು ಸ್ಟಾಪು, ಬಸ್ಸು ಅಲ್ಲಿ ಮಾಡುವುದು ಸ್ಟಾಪು. ಕಂಡಕ್ಟರು ‘ಚೇಂಜ್ ಕೊಡಿ’ ಎಂದರೆ ಚಿಲ್ಲರೆ, ‘ಕೋಟೆಗೆ ಹೋಗೋರು ಬಸ್ ಚೇಂಜ್ ಮಾಡ್ಕಳಿ’ ಎಂದರೆ ಬದಲಾವಣೆ. ಗ್ಯಾಸ್ ಬುಕ್ ಮಾಡುವ ಬುಕ್ಕು, ಶಾಲೆಯ ಚೀಲದಲ್ಲಿರುವ ಬುಕ್ಕು ಒಂದೇ. ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವುದರಿಂದಲೇ ಕಾದಿರಿಸುವ ಅರ್ಥ ಹುಟ್ಟಿತು.

ಪಾಸ್ ಎಂಬ ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹಳ್ಳಿಯಿಂದ ಪೇಟೆಗೆ ಓದಲು ಬರುವ ಮಕ್ಕಳ ಜೀವನವೇ ಅದರ ಸುತ್ತ ಇದೆ. ಜೂನ್‌ನಲ್ಲಿ ಮಾಡಿಸುವ ಬಸ್ ಪಾಸು ನಾಮಪದ. ಪರೀಕ್ಷೆಯಲ್ಲಿ ಪಾಸಾಗುವುದು ಕ್ರಿಯೆ. ಚೆಂಡನ್ನು ಜೊತೆಗಾರನಿಗೆ ದಾಟಿಸುವುದು ಪಾಸು. ವಿಧಾನಸಭೆಯಲ್ಲಿ ಮಸೂದೆ ಪಾಸು. ಬೆಟ್ಟಗಳ ನಡುವಿನ ಕಣಿವೆ ದಾರಿಗೂ ಇಂಗ್ಲಿಷಿನಲ್ಲಿ ಪಾಸ್ ಎಂದೇ ಹೆಸರು. ಇವೆಲ್ಲದರ ಬೇರಿನಲ್ಲಿ ದಾಟು, ಹಾದುಹೋಗು ಎಂಬ ಒಂದೇ ಭಾವ ಇದೆ. ಪಾಸು ತೋರಿಸಿದರೆ ಬಸ್ಸು ನಿಮ್ಮನ್ನು ದಾಟಿಸುತ್ತದೆ, ಪಾಸಾದರೆ ಮುಂದಿನ ತರಗತಿಗೆ ದಾಟುತ್ತೀರಿ. ಒಂದು ಪದವನ್ನು ಹೀಗೆ ಬೇರಿನಿಂದ ಬಿಡಿಸಿ ತೋರಿಸಿದ ಮೇಷ್ಟ್ರ ಪಾಠವನ್ನು ಮಕ್ಕಳು ಮರೆಯುವುದಿಲ್ಲ.

ಇನ್ನು ಕಂಡಕ್ಟರನ ‘ರೈಟ್, ರೈಟ್’. ನಮ್ಮ ಕಿವಿಗೆ ಅದು ಹೊರಡು ಎಂಬ ಆಜ್ಞೆ, ಒಂದೇ ಪದದ ಇಡೀ ವಾಕ್ಯ. ಇಂಗ್ಲಿಷಿನಲ್ಲಿ ರೈಟ್ ಸರಿ ಎಂಬ ವಿಶೇಷಣ, ಬಲ ಎಂಬ ದಿಕ್ಕು, ಹಕ್ಕು ಎಂಬ ನಾಮಪದ, ಸರಿಪಡಿಸು ಎಂಬ ಕ್ರಿಯಾಪದ, ‘ರೈಟ್ ನೌ’ ಎಂದಾಗ ಈಗಿಂದೀಗಲೇ ಎಂಬ ಒತ್ತು ಕೊಡುವ ಕ್ರಿಯಾವಿಶೇಷಣ. ಲಾರಿ ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಕೂಗುವ ‘ಬ್ಯಾಕ್, ಬ್ಯಾಕ್’ ಇದಕ್ಕೆ ಕಡಿಮೆಯದಲ್ಲ. ಬ್ಯಾಕ್ ಎಂದರೆ ಬೆನ್ನು, ನಾಮಪದ. ‘ಕಮ್ ಬ್ಯಾಕ್’ನಲ್ಲಿ ಹಿಂದಕ್ಕೆ ಎಂಬ ಕ್ರಿಯಾವಿಶೇಷಣ. ‘ಬ್ಯಾಕ್ ಡೋರ್’ನಲ್ಲಿ ಹಿಂದಿನ ಎಂಬ ವಿಶೇಷಣ, ಎಚ್.ಡಿ. ಕೋಟೆಯ ಕಬಿನಿ ಹಿನ್ನೀರನ್ನು ಎಲ್ಲರೂ ಕರೆಯುವ ‘ಬ್ಯಾಕ್‌ವಾಟರ್’ನಲ್ಲಿ ಅದು ನೀರಿಗೆ ಅಂಟಿಕೊಂಡು ಒಂದೇ ಪದವಾಗಿದೆ. ಒಬ್ಬ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವುದಕ್ಕೂ ಬ್ಯಾಕ್ ಎನ್ನುತ್ತಾರೆ, ಅದು ಕ್ರಿಯಾಪದ. ಕೆ.ಆರ್. ನಗರದ ಗದ್ದೆ ಬಯಲಿಗೆ ಬಂದರೆ ಲೆವೆಲ್ ಸಿಗುತ್ತದೆ. ನಾಟಿಗೆ ಮುಂಚೆ ಗದ್ದೆ ಲೆವೆಲ್ ಮಾಡಿಸಬೇಕು, ನಾಲೆಯಲ್ಲಿ ನೀರಿನ ಲೆವೆಲ್ಲು ಇಳಿಯಿತು, ಈಗ ಗದ್ದೆ ಲೆವೆಲ್ಲು: ಒಂದೇ ಉಸಿರಿನಲ್ಲಿ ಕ್ರಿಯೆ, ಹೆಸರು, ಗುಣ ಮೂರೂ ಬಂದವು.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ವೇಷ ತೊಡುವ ಪದಗಳಲ್ಲಿ ರೌಂಡ್ ಒಂದು. ಭೂಮಿ ರೌಂಡ್ ಎಂದರೆ ವಿಶೇಷಣ, ಎರಡನೇ ರೌಂಡ್ ಎಂದರೆ ನಾಮಪದ, ‘ದಿ ಬಸ್ ರೌಂಡೆಡ್ ದಿ ಸರ್ಕಲ್’ ಎಂದರೆ ಸುತ್ತಿ ಹೋಯಿತು ಎಂಬ ಕ್ರಿಯಾಪದ, ‘ಟರ್ನ್ ರೌಂಡ್’ ಎಂದರೆ ಕ್ರಿಯಾವಿಶೇಷಣ, ‘ರೌಂಡ್ ದಿ ಟೆಂಪಲ್’ ಎಂದರೆ ಗುಡಿಯ ಸುತ್ತ ಎಂಬ ಪ್ರಿಪೊಸಿಷನ್. ಐದು ಆಯಿತು. ಈ ಪದದ ಎದುರಿಗೆ ನಮ್ಮ ಸುತ್ತು ಎಂಬುದನ್ನು ಇಟ್ಟು ನೋಡಿ. ಮತ ಎಣಿಕೆಯ ಮೂರನೇ ಸುತ್ತು ನಾಮಪದ, ಗುಡಿ ಸುತ್ತು ಎಂದರೆ ಕ್ರಿಯಾಪದ, ಕೊನೆಯ ಉಕಾರ ಬಿಟ್ಟು ಊರಿನ ಸುತ್ತ ಎಂದರೆ ಪ್ರಿಪೊಸಿಷನ್ನಿನ ಕೆಲಸ. ಅಂದರೆ ವರ್ಗಾಂತರ ನಮಗೆ ಪರಕೀಯವಾದ ಸಂಗತಿಯೇ ಅಲ್ಲ.

ಕನ್ನಡದಲ್ಲಿ ಇಂಥ ಪದಗಳು ಬೇಕಾದಷ್ಟಿವೆ. ಓದು, ಹಾಡು, ನಡೆ, ನುಡಿ, ಬಾಳು, ಅಳು, ನಗು, ಸೋಲು, ಬೆಳೆ, ಕಟ್ಟು, ಗುದ್ದು, ಒದೆ, ಕೂಗು. ಸೊಪ್ಪು ಕಟ್ಟು ಎಂದರೆ ಕೆಲಸ, ಸೊಪ್ಪಿನ ಕಟ್ಟು ಎಂದರೆ ವಸ್ತು. ಭತ್ತ ಬೆಳೆ ಎಂದರೆ ಆಜ್ಞೆ, ಭತ್ತದ ಬೆಳೆ ಎಂದರೆ ಫಸಲು. ಹರಾಜು ಕೂಗುವವನ ಕೂಗು ಮೂರು ಸಲ ಕೇಳಿಸಿತು ಎನ್ನುವಾಗ ಕೂಗು ಎರಡೂ ಕೆಲಸ ಮಾಡಿದೆ. ಬಿಡ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಪದವಿಲ್ಲ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಕೃದಂತ ಭಾವನಾಮ ಎಂದು ಕಲಿಸುವುದು ಧಾತುವಿನಿಂದ ಹೆಸರು ಹುಟ್ಟುವ ಈ ಸಂಗತಿಯನ್ನೇ. ಕನ್ನಡ ಮೇಷ್ಟ್ರು ಅದನ್ನು ಕಲಿಸಿದ ವಾರವೇ ಇಂಗ್ಲಿಷ್ ಮೇಷ್ಟ್ರು ವರ್ಗಾಂತರವನ್ನು ಕಲಿಸಿದರೆ ಎರಡೂ ಪಾಠ ಒಂದಕ್ಕೊಂದು ಆಸರೆಯಾಗುತ್ತವೆ. ಎರಡು ವಿಷಯಗಳ ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಕೂತು ಇದನ್ನು ಮಾತಾಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಎರಡು ಭಾಷೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸ ಮಾತ್ರ ಉಂಟು. ಕನ್ನಡದಲ್ಲಿ ಓದು ಎಂಬುದು ವಾಕ್ಯದೊಳಕ್ಕೆ ಬಂದ ಕೂಡಲೇ ಪ್ರತ್ಯಯ ಹಚ್ಚಿಕೊಂಡು ತನ್ನ ವರ್ಗ ಹೇಳಿಬಿಡುತ್ತದೆ. ಓದಿಗೆ, ಓದಿನಿಂದ, ಓದನ್ನು ಎಂದರೆ ನಾಮಪದ. ಓದಿದಳು, ಓದುತ್ತಾಳೆ, ಓದಲಿ ಎಂದರೆ ಕ್ರಿಯಾಪದ. ವೈಯಾಕರಣ ಕೇಶಿರಾಜ 1260ರ ಸುಮಾರಿನಲ್ಲಿ ಬರೆದ ಶಬ್ದಮಣಿದರ್ಪಣದಲ್ಲಿ ನಾಮಕ್ಕೊಂದು, ಧಾತುವಿಗೊಂದು, ಆಖ್ಯಾತಕ್ಕೊಂದು ಪ್ರಕರಣವನ್ನು ಬೇರೆಬೇರೆಯಾಗಿ ಇಟ್ಟಿದ್ದಾನೆ. ವಿಭಕ್ತಿ ಹತ್ತುವುದು ಒಂದಕ್ಕೆ, ಕಾಲ ಮತ್ತು ಪುರುಷ ಸೂಚಿಸುವ ಪ್ರತ್ಯಯ ಹತ್ತುವುದು ಇನ್ನೊಂದಕ್ಕೆ. ಡಿ.ಎನ್. ಶಂಕರ ಬಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದಲ್ಲಿ ಪರಭಾಷೆಯ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಬಾರದು ಎಂದು ವಾದಿಸಿದರು. ಅದೇ ನ್ಯಾಯ ಇಂಗ್ಲಿಷಿಗೂ ಸಲ್ಲಬೇಕು. ಪ್ರತ್ಯಯ ನೋಡಿ ವರ್ಗ ಹೇಳುವ ಕನ್ನಡದ ಕಣ್ಣಿನಿಂದಲೇ ಇಂಗ್ಲಿಷನ್ನು ನೋಡಿದರೆ ಪ್ರತ್ಯಯವೇ ಇಲ್ಲದ ಪದದ ಮುಂದೆ ಮಗು ಕಂಗಾಲಾಗುತ್ತದೆ.

ಇಂಗ್ಲಿಷ್ ಪದ ಕನ್ನಡಕ್ಕೆ ಬಂದಾಗ ಏನಾಗುತ್ತದೆ ಎಂಬುದೂ ಇಲ್ಲಿ ಹೇಳಲೇಬೇಕಾದ ಮಾತು. ಅಲ್ಲಿ ಎರಡು ಮೂರು ಕೆಲಸ ಮಾಡುತ್ತಿದ್ದ ಪದವನ್ನು ನಮ್ಮ ಜನ ಒಳಗೆ ಬಿಟ್ಟುಕೊಳ್ಳುವಾಗ ಬಹುಮಟ್ಟಿಗೆ ಹೆಸರಾಗಿಯೇ ಬಿಟ್ಟುಕೊಳ್ಳುತ್ತಾರೆ. ಕ್ರಿಯೆ ಬೇಕಾದರೆ ಪಕ್ಕದಲ್ಲಿ ಕನ್ನಡದ್ದೇ ಒಂದು ಕ್ರಿಯಾಪದ ನಿಲ್ಲಿಸುತ್ತಾರೆ: ಗ್ರೇಡ್ ಮಾಡು, ಬೇಲ್ ಕಟ್ಟು, ಪಾಸಾಗು, ಫೇಲಾಗು, ಫೋನ್ ಹಚ್ಚು, ಬ್ರೇಕ್ ಹಾಕು. ಗದ್ದೆ ಬಯಲಲ್ಲಿ ಕ್ರಿಕೆಟ್ ಆಡುವ ಹುಡುಗರು ‘ಕ್ಯಾಚ್ ಹಿಡಿಯೋ’ ಎಂದು ಕೂಗುತ್ತಾರೆ. ಇಂಗ್ಲಿಷಿನಲ್ಲಿ ಕ್ಯಾಚ್ ಎಂದರೇ ಹಿಡಿ. ಹುಡುಗರು ತಪ್ಪು ಮಾಡುತ್ತಿಲ್ಲ. ಕ್ಯಾಚನ್ನು ಹೆಸರಾಗಿ ಇಟ್ಟುಕೊಂಡು ಹಿಡಿ ಎಂಬ ಕ್ರಿಯೆಯನ್ನು ಕನ್ನಡದಿಂದ ತಂದಿದ್ದಾರೆ. ಇದು ಅಪ್ಪಟ ಕನ್ನಡ ವ್ಯಾಕರಣ. ಇನ್ನೊಂದು ಬಾಗಿಲೂ ಇದೆ. ಸಂಸ್ಕೃತದ ಆರಂಭ, ರಕ್ಷಣೆಗಳಿಗೆ ‘ಇಸು’ ಹಚ್ಚಿ ಆರಂಭಿಸು, ರಕ್ಷಿಸು ಮಾಡಿಕೊಂಡ ಹಾಗೆ ಪತ್ರಿಕೆಗಳು ಈಗ ಟೈಪಿಸಿ, ಕ್ಲಿಕ್ಕಿಸಿ, ಗೂಗಲಿಸಿ ಎಂದು ಬರೆಯುತ್ತಿವೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಇದು ಭಾಷೆಯ ಜೀರ್ಣಶಕ್ತಿ ಚೆನ್ನಾಗಿದೆ ಎಂಬುದರ ಗುರುತು.

ಇಂಗ್ಲಿಷ್ ಪದವನ್ನು ಹೆಸರಾಗಿಯೇ ಬಿಟ್ಟುಕೊಳ್ಳುವುದರಿಂದ ಒಂದು ತೊಂದರೆಯೂ ಹುಟ್ಟುತ್ತದೆ. ಮನೆಯಲ್ಲಿ ಹೆಸರಾಗಿಯೇ ಕೇಳಿದ ಇಂಗ್ಲಿಷ್ ಪದವನ್ನು ಮಗು ಇಂಗ್ಲಿಷ್ ಬರೆಯುವಾಗಲೂ ಹೆಸರಾಗಿಯೇ ಬಳಸಿ ಅದಕ್ಕೆ ‘ಡೂ’ ಸೇರಿಸುತ್ತದೆ. ಫೋನ್ ಮಾಡು ಎಂಬುದು ‘ಡೂ ಫೋನ್’ ಆಗುತ್ತದೆ, ಗ್ರೇಡ್ ಮಾಡಿದೆವು ಎಂಬುದು ‘ವಿ ಡಿಡ್ ಗ್ರೇಡ್’ ಆಗುತ್ತದೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ಮಗುವಿಗೆ ಕಾರಣ ತಿಳಿಯುವುದಿಲ್ಲ. ‘ಇಂಗ್ಲಿಷಿನಲ್ಲಿ ಫೋನ್ ಎಂಬುದೇ ಕ್ರಿಯೆಯಾಗಬಲ್ಲದು, ಡೂ ಬೇಕಿಲ್ಲ’ ಎಂದು ಒಂದು ಮಾತು ಹೇಳಿದರೆ ತಿಳಿಯುತ್ತದೆ.

ಒಂದೇ ತರಹ ಕಾಣುವ ಎಲ್ಲವೂ ಒಂದೇ ಪದವಲ್ಲ ಎಂಬ ಎಚ್ಚರಿಕೆಯನ್ನೂ ಕೊಡಬೇಕು. ಬೋರ್‌ವೆಲ್‌ನ ವೆಲ್ ಬಾವಿ. ‘ವೆಲ್ ಡನ್’ನ ವೆಲ್ ಚೆನ್ನಾಗಿ. ಇವೆರಡೂ ಮೂಲದಲ್ಲೇ ಬೇರೆಬೇರೆ ಪದಗಳು, ಕಾಲಕ್ರಮದಲ್ಲಿ ಕಾಗುಣಿತ ಒಂದಾಯಿತು ಅಷ್ಟೆ. ನಾಗರಹೊಳೆಯ ಕರಡಿಗೆ ಹೇಳುವ ಬೇರ್, ತಾಳಿಕೊಳ್ಳು ಎಂಬ ಬೇರ್ ಕೂಡ ಸಂಬಂಧವಿಲ್ಲದವು. ಬೆಳಕಿನ ಲೈಟು, ಹಗುರದ ಲೈಟು ಹಾಗೆಯೇ. ಕನ್ನಡದಲ್ಲೂ ಇದುಂಟು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರ ಹೆಸರಿನಲ್ಲಿರುವ ಅರಸು ರಾಜ ಎಂಬ ಅರ್ಥದ್ದು. ಹುಡುಕು ಎಂಬ ಅರ್ಥದ ಅರಸು ಬೇರೆಯೇ ಧಾತು. ಒಂದೇ ಪದ ಹಲವು ಕೆಲಸ ಮಾಡುವುದು ವರ್ಗಾಂತರ, ಬೇರೆ ಪದಗಳು ಒಂದೇ ರೂಪದಲ್ಲಿ ಕಾಣುವುದು ಆಕಸ್ಮಿಕ. ಅರ್ಥಗಳ ನಡುವೆ ಎಳೆ ಸಿಗುತ್ತದೆಯೇ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಕೆಲವು ಪದಗಳಲ್ಲಿ ಬರಹ ಒಂದೇ ಆದರೂ ಉಚ್ಚಾರಣೆ ಗುಟ್ಟು ಬಿಟ್ಟುಕೊಡುತ್ತದೆ. ಹಾಜರಿ ಕೂಗಿದಾಗ ಮಕ್ಕಳು ಹೇಳುವ ‘ಪ್ರೆಸೆಂಟ್ ಮಿಸ್’ನಲ್ಲಿ, ಉಡುಗೊರೆಯಾಗಿ ಕೊಡುವ ಪ್ರೆಸೆಂಟಿನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ. ಅರ್ಪಿಸು, ಮುಂದಿಡು ಎಂಬ ಕ್ರಿಯಾಪದವಾದಾಗ ಒತ್ತು ಎರಡನೆಯದಕ್ಕೆ ಜಾರಿ ‘ಪ್ರಿಸೆಂಟ್’ ಎನ್ನಿಸುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ರೆಕಾರ್ಡಿಗೆ ಇಂಗ್ಲಿಷಿನಲ್ಲಿ ಒತ್ತು ಆದಿಯಲ್ಲಿ, ಹಾಡು ರೆಕಾರ್ಡ್ ಮಾಡುವಾಗ ‘ರಿಕಾರ್ಡ್’ ಎಂದು ಕೊನೆಯಲ್ಲಿ. ಲಾರಿಯ ಪರ್ಮಿಟ್ಟಿಗೂ ಅನುಮತಿಸು ಎಂಬ ಪರ್ಮಿಟ್ಟಿಗೂ ಇದೇ ಭೇದ. ಯೂಸ್ ಎಂಬ ನಾಮಪದ ‘ಸ್’ ಎಂದು ಮುಗಿದರೆ ಕ್ರಿಯಾಪದ ‘ಝ್’ ಎಂದು ಮುಗಿಯುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಈ ಭೇದ ನಮ್ಮ ಕಿವಿಗೆ ಬೀಳುವುದಿಲ್ಲ. ರೇಡಿಯೊ, ಫೋನುಗಳಲ್ಲಿ ಇಂಗ್ಲಿಷ್ ಕೇಳಿಸಿ ಕಲಿಸಬೇಕಾದ ಪಾಠ ಇದು, ಕರಿಹಲಗೆಯಿಂದ ಬರುವುದಿಲ್ಲ.

ಜಾಗ ನೋಡಿ ವರ್ಗ ಹೇಳುವುದು ಹೇಗೆ ಎಂದು ಕೇಳುವ ಮಕ್ಕಳಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಪದದ ಹಿಂದೆ ಎ, ಆ್ಯನ್, ದಿ, ಮೈ, ದಿಸ್ ಇವುಗಳಲ್ಲೊಂದು ಇದ್ದು, ಮುಂದೆ ಬೇರೆ ಹೆಸರು ಇಲ್ಲದಿದ್ದರೆ ಅದು ನಾಮಪದ. ಹಿಂದೆ ವಿಲ್, ಕ್ಯಾನ್, ಮಸ್ಟ್ ಇದ್ದರೆ, ಅಥವಾ ಐ, ವಿ, ದೆ ಇವುಗಳ ಬೆನ್ನಿಗೇ ಬಂದರೆ ಸಾಮಾನ್ಯವಾಗಿ ಕ್ರಿಯಾಪದ. ಇನ್ನೊಂದು ಹೆಸರಿನ ಹಿಂದೆ ನಿಂತು ಎಂಥದ್ದು ಎಂದು ಹೇಳುತ್ತಿದ್ದರೆ ಅದರ ಕೆಲಸ ವಿಶೇಷಣದ್ದು. ಟೊಬ್ಯಾಕೊ ಬೋರ್ಡ್ ಎಂದಾಗ ಟೊಬ್ಯಾಕೊ ಎಂಬ ಹೆಸರೂ ಈ ಕೆಲಸ ಮಾಡುತ್ತದೆ. ಕ್ರಿಯೆ ಹೇಗೆ, ಎತ್ತ, ಯಾವಾಗ ಎಂಬುದಕ್ಕೆ ಉತ್ತರವಾಗಿದ್ದರೆ ಕ್ರಿಯಾವಿಶೇಷಣ. ‘ಟು’ ಮಾತ್ರ ಎರಡೂ ಕಡೆ ಬರುತ್ತದೆ: ‘ಐ ವಾಂಟ್ ಟು ಪ್ಲೇ’ಯಲ್ಲಿ ಅದರ ಮುಂದಿರುವುದು ಕ್ರಿಯೆ, ‘ಐ ವೆಂಟ್ ಟು ದಿ ಪ್ಲೇ’ಯಲ್ಲಿ ನಾಟಕ ಎಂಬ ಹೆಸರು. ಆ ನಡುವಿನ ಪುಟ್ಟ ‘ದಿ’ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟರೆ, ಆರ್ಟಿಕಲ್ ಯಾಕೆ ಬೇಕು ಎಂಬ ಹಳೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ನಮ್ಮ ಮಕ್ಕಳು ಬರೆಯುವಾಗ ಮೊದಲು ಬಿಟ್ಟುಬಿಡುವುದು ಅದನ್ನೇ.

ನಿಘಂಟು ನೋಡುವ ಕ್ರಮವನ್ನೂ ಕಲಿಸಬೇಕು. ನಮ್ಮ ಬಹುಪಾಲು ಮಕ್ಕಳು ಮೊದಲ ಅರ್ಥ ಓದಿ ಪುಸ್ತಕ ಮುಚ್ಚುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟಿನಂಥ ದೊಡ್ಡ ಪುಸ್ತಕಗಳಲ್ಲಿ ನಾಮವಾಚಕದ ಅರ್ಥಗಳು ಬೇರೆ, ಕ್ರಿಯಾಪದದ ಅರ್ಥಗಳು ಬೇರೆ ಕೊಟ್ಟಿರುತ್ತವೆ. ನಿಘಂಟು ಕಟ್ಟುವ ಕೆಲಸದಲ್ಲಿ ಹಿಂದಿನ ತಲೆಮಾರಿನ ವಿದ್ವಾಂಸರು ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಗಳ ಪ್ರಶ್ನೆಗಳಿಗೆ ಎಷ್ಟು ತಾಳ್ಮೆಯಿಂದ ಉತ್ತರಿಸಿದರು ಎಂಬುದು ಹಳೆಯ ಓದುಗರಿಗೆ ನೆನಪಿರುತ್ತದೆ. ಪ್ರತಿ ಹೈಸ್ಕೂಲಿನ ಗ್ರಂಥಾಲಯದಲ್ಲಿ ಒಂದು ಒಳ್ಳೆಯ ನಿಘಂಟು ಬೀಗ ಹಾಕದ ಬೀರುವಿನಲ್ಲಿ ಇರಬೇಕು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕು ತಾಲ್ಲೂಕುಗಳ ಮಾತು ವಿಶೇಷವಾಗಿ ಎತ್ತುವುದಕ್ಕೆ ಕಾರಣ ಇದೆ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರುಮಾಡಿದ್ದು 2007ರಲ್ಲಿ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಬಂತು. ಎಚ್.ಡಿ. ಕೋಟೆಯ ಹಾಡಿಯಿಂದ ಬರುವ ಜೇನುಕುರುಬರ ಮಗುವಿಗೆ ಮನೆಮಾತು ಒಂದು, ಶಾಲೆಯ ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಮಕ್ಕಳು ಇನ್ನೊಂದು ಬಗೆಯಲ್ಲಿ ಹಲವು ಭಾಷೆಗಳ ನಡುವೆ ಬೆಳೆಯುತ್ತಾರೆ. ಇಷ್ಟು ಭಾಷೆಗಳನ್ನು ತಲೆಯಲ್ಲಿ ಹೊತ್ತ ಮಕ್ಕಳಿಗೆ ‘ರನ್ ಅಂದರೆ ಓಡು, ವಾಟರ್ ಅಂದರೆ ನೀರು’ ಎಂದು ಒಂದಕ್ಕೊಂದು ಅರ್ಥ ಬರೆಸಿ ಬಿಟ್ಟರೆ ಅನ್ಯಾಯ. ರನ್ ಎಂಬುದು ಕ್ರಿಕೆಟ್ಟಿನಲ್ಲಿ ಎಣಿಸುವ ಹೆಸರು ಎಂದು ಅವರಿಗೆ ಆಗಲೇ ಗೊತ್ತು. ‘ಶಿ ವಾಟರ್ಸ್ ದಿ ಪ್ಲಾಂಟ್ಸ್’ ಎಂಬಲ್ಲಿ ನೀರು ಹಾಕುವ ಕ್ರಿಯೆ ಇದೆ ಎಂದು ಹೇಳಿಕೊಟ್ಟರೆ, ‘ವಿ ಪ್ಲಾಂಟ್ ಟ್ರೀಸ್’ ಎಂಬಲ್ಲಿ ಗಿಡವೇ ನೆಡುವ ಕ್ರಿಯೆಯಾಗಿದೆ ಎಂದು ಅವರೇ ಹೇಳುತ್ತಾರೆ.

ಆದ್ದರಿಂದ ಈ ತಾಲ್ಲೂಕುಗಳ ಇಂಗ್ಲಿಷ್ ಮೇಷ್ಟ್ರು, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಪದ ಕಲಿಸಿದ ದಿನ ಅದರ ಎದುರು ನೌನ್ ಅಥವಾ ವರ್ಬ್ ಎಂದು ಬರೆಸಬೇಡಿ. ಅದನ್ನು ಎರಡು ವಾಕ್ಯಗಳಲ್ಲಿ ಎರಡು ಜಾಗದಲ್ಲಿ ಕೂರಿಸಿ ತೋರಿಸಿ, ಮೂರನೆಯ ವಾಕ್ಯವನ್ನು ಮಕ್ಕಳಿಂದ ಮಾಡಿಸಿ. ಪದಗಳನ್ನು ಪಠ್ಯಪುಸ್ತಕದಿಂದ ಮಾತ್ರ ಆರಿಸಬೇಡಿ. ಬ್ಯಾರನ್ನು, ಗದ್ದೆ, ಬಸ್ಸು, ಕ್ರಿಕೆಟ್ಟು ಎಲ್ಲ ಕಡೆಯಿಂದ ಮಕ್ಕಳೇ ಪದ ತರಲಿ. ಸೊಪ್ಪು ಗ್ರೇಡ್ ಮಾಡುತ್ತಾ ಕೂತ ಅಪ್ಪ, ಅವ್ವಂದಿರು ಶಾಲೆಯಿಂದ ಬಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಗ್ರೇಡು ಅಂತೀವಲ್ಲ, ಅದನ್ನ ಇಂಗ್ಲಿಷಲ್ಲಿ ಎಂಗೆಂಗೆ ಅಂತಾರೆ ಹೇಳು ಮಗ’ ಎಂದು ಕೇಳಲಿ. ಮಗುವಿಗೆ ಉತ್ತರ ತಿಳಿಯದಿದ್ದರೆ ಮಾರನೆಯ ದಿನ ಆ ಪ್ರಶ್ನೆ ಶಾಲೆಗೆ ಹೋಗಲಿ.